ನಿನಗೇಕೆ ಕೋಪ ಎಂದು ದೇವರು ಕೇಳಿದಾಗ

ಸತ್ಯವೇದದಲ್ಲಿ ಮನುಷ್ಯನ ಸಿಟ್ಟು ಮೊದಲ ಸಲ ಕಾಣಿಸಿಕೊಳ್ಳುವುದು ಆದಿಕಾಂಡದ ನಾಲ್ಕನೇ ಅಧ್ಯಾಯದಲ್ಲಿ. ಕಾಯಿನ ಹೊಲದ ಬೆಳೆ ತಂದ, ತಮ್ಮ ಹೇಬೆಲ ಕುರಿಹಿಂಡಿನ ಚೊಚ್ಚಲು ಮರಿಗಳನ್ನು ತಂದ. ದೇವರು ತಮ್ಮನ ಕಾಣಿಕೆಯನ್ನು ಮೆಚ್ಚಿದ, ಅಣ್ಣನದನ್ನು ಮೆಚ್ಚಲಿಲ್ಲ. ಅಣ್ಣನ ಮುಖ ಇಳಿದುಹೋಯಿತು. ಆಗ ದೇವರು ಅವನ ಹತ್ತಿರ ಮಾತಾಡುತ್ತಾನೆ, ಆ ಮಾತು ಶುರುವಾಗುವುದು ಪ್ರಶ್ನೆಯಿಂದ. ನಿನಗೇಕೆ ಕೋಪ? ನಿನ್ನ ಮುಖ ಯಾಕೆ ಬಾಡಿದೆ? ಪಾಪ ಬಾಗಿಲಲ್ಲಿ ಹೊಂಚು ಹಾಕಿ ಕೂತಿದೆ, ನೀನು ಅದನ್ನು ಆಳಬೇಕು ಎನ್ನುವ ಎಚ್ಚರಿಕೆ ಬರುವುದು ಆಮೇಲೆ.

ಸಂಡೇ ಸ್ಕೂಲಿನಲ್ಲಿ ಈ ಕಥೆ ಹೇಳುವಾಗ ಮಕ್ಕಳೆಲ್ಲ ಕೊಲೆಯ ಕಡೆಗೆ ಓಡುತ್ತಾರೆ. ಯಾವುದರಿಂದ ಹೊಡೆದ, ರಕ್ತ ಹೇಗೆ ಕೂಗಿತು, ಇದೇ ಅವರ ಕುತೂಹಲ. ನಾನು ಅವರನ್ನು ಪ್ರಶ್ನೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಲು ನೋಡುತ್ತೇನೆ. ಯಾಕೆಂದರೆ ಆ ಗಳಿಗೆಯಲ್ಲಿ ಹೇಬೆಲ ಇನ್ನೂ ಬದುಕಿದ್ದಾನೆ, ಏನೂ ಕೆಟ್ಟಿಲ್ಲ. ಕಾಯಿನ ಒಂದು ಮಾತು ಆಡಬಹುದಿತ್ತು. "ನನ್ನದನ್ನು ಯಾಕೆ ಒಪ್ಪಲಿಲ್ಲ" ಎಂದು ದೇವರ ಮುಂದೆ ಅತ್ತುಬಿಡಬಹುದಿತ್ತು. ಅವನು ಉತ್ತರವನ್ನೇ ಕೊಡಲಿಲ್ಲ. ತಮ್ಮನ ಹತ್ತಿರ ಮಾತಾಡಿದ, ಹೊಲದಲ್ಲಿ ಅವನ ಮೇಲೆ ಬಿದ್ದ.

ಯೋನನಿಗೂ ದೇವರು ಇಂಥದ್ದೇ ಪ್ರಶ್ನೆ ಕೇಳುತ್ತಾನೆ, ಅದೂ ಎರಡು ಸಲ. ಇನ್ನು 40 ದಿನದಲ್ಲಿ ನಿನೆವೆ ಕೆಡವಲ್ಪಡುವುದು ಎಂದು ಬೀದಿ ಬೀದಿ ಸಾರಿದವನು ಯೋನ. ಜನ ಗೋಣಿತಟ್ಟು ಉಟ್ಟು ಪಶ್ಚಾತ್ತಾಪ ಪಟ್ಟರು, ದೇವರು ಮನಸ್ಸು ಬದಲಿಸಿದ. ಊರು ಉಳಿಯಿತು, ಪ್ರವಾದಿಗೆ ಸಿಟ್ಟು ಬಂತು. ಅವನ ಸಂಕಟ ನನಗೆ ಅರ್ಥವಾಗುತ್ತದೆ. ನಿನೆವೆಯ ಅಶ್ಶೂರ್ಯರು ಇಸ್ರಾಯೇಲಿನ ವೈರಿಗಳು. ಅಂಥವರು ಬದುಕಿಕೊಂಡರು, ತಾನು ಆಡಿದ ಮಾತು ಸುಳ್ಳಾಯಿತು. ಊರ ಹೊರಗೆ ಗುಡಿಸಲು ಹಾಕಿ ಮುಖ ಊದಿಸಿಕೊಂಡು ಕೂತ. ತಲೆಗೆ ನೆರಳು ಕೊಟ್ಟಿದ್ದ ಗಿಡವನ್ನು ಹುಳ ತಿಂದು ಒಣಗಿಸಿದಾಗ ಸಾಯುವಷ್ಟು ಸಿಟ್ಟಾದ. ಆಗ ದೇವರು ಹೇಳುತ್ತಾನೆ: ನೀನು ನೆಡದ, ಬೆಳೆಸದ ಗಿಡದ ಮೇಲೆ ನಿನಗೆ ಇಷ್ಟು ಮರುಕ, ಎಡಗೈ ಯಾವುದು ಬಲಗೈ ಯಾವುದು ಎಂದು ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಊರಿನ ಮೇಲೆ ನಾನು ಮರುಕಪಡಬಾರದೋ? ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಯೋನ ಏನೆಂದ ಎಂದು ಬರೆದಿಲ್ಲ.

ಕೋಪವನ್ನು ಕುರಿತು ಕ್ರೈಸ್ತರು ಯೋಚಿಸಬೇಕಾದದ್ದು ಈ ಪ್ರಶ್ನೆಯಿಂದಲೇ ಎಂದು ನಾನು ನಂಬಿದ್ದೇನೆ. ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ ಸಿಟ್ಟನ್ನು ಹರಿಯಬಿಡುತ್ತೇವೆ, ಇಲ್ಲವೇ "ಕ್ರೈಸ್ತರಿಗೆ ಸಿಟ್ಟು ಬರಬಾರದು" ಎಂದು ಒಳಗೇ ಅದುಮಿ ಮೇಲೆ ಒಂದು ನಗು ಹಚ್ಚಿಕೊಳ್ಳುತ್ತೇವೆ. ಎರಡರಲ್ಲೂ ಪ್ರಶ್ನೆಗೆ ಉತ್ತರ ಇಲ್ಲ. ನಿನಗೇಕೆ ಕೋಪ? ನಿನ್ನದು ಎಂದು ನೀನು ಅಂದುಕೊಂಡ ಯಾವುದನ್ನು ಯಾರೋ ಮುಟ್ಟಿದ್ದಾರೆ? ಪ್ರಾಮಾಣಿಕವಾಗಿ ಉತ್ತರ ಹುಡುಕುತ್ತಾ ಕೆಳಗಿಳಿದರೆ ಹತ್ತರಲ್ಲಿ ಎಂಟು ಸಲ ತಳದಲ್ಲಿ ಸಿಗುವುದು ಅಹಂಕಾರ. ನನ್ನ ಹೆಸರು, ನನ್ನ ಸ್ಥಾನ, ನನಗೆ ಸಲ್ಲಬೇಕಾದ ಮರ್ಯಾದೆ.

ದಾವಣಗೆರೆಯಲ್ಲಿ ಬೆಳೆದವರಿಗೆ ಅಶೋಕ ರಸ್ತೆಯ ರೈಲ್ವೆ ಗೇಟಿನ ಕಥೆ ಹೇಳಬೇಕಾಗಿಲ್ಲ. ಗೇಟು ಬಿದ್ದಿದೆ, ರೈಲು ಇನ್ನೂ ಬಂದಿಲ್ಲ. ಎಡಗಡೆ ಸಾಲಾಗಿ ನಿಂತವರ ಪಕ್ಕದಿಂದ ಒಂದು ಬೈಕು ಬಲಗಡೆಗೆ ನುಗ್ಗುತ್ತದೆ. ಅದರ ಹಿಂದೆ ಆಟೋ, ಅದರ ಹಿಂದೆ ಕಾರು. ಹಳಿಯ ಆಚೆ ಕಡೆಯೂ ಇದೇ. ಗೇಟು ಎದ್ದಾಗ ರಸ್ತೆಯ ಅಗಲವೆಲ್ಲ ತುಂಬಿಕೊಂಡ ಎರಡು ಗುಂಪು ಎದುರು ಬದುರು ನಿಂತಿರುತ್ತವೆ. ಹೋಗಲು ಜಾಗ ಇಲ್ಲ ಎಂದು ಎಲ್ಲರಿಗೂ ಕಾಣುತ್ತಿದೆ. ಒಬ್ಬ ಎರಡು ಮಾರು ಹಿಂದೆ ಸರಿದರೆ ದಾರಿಯಾಗುತ್ತದೆ. ಆದರೂ ಹಾರ್ನು, ಬೈಗುಳ, "ನೀನೇ ಹಿಂದಕ್ಕೆ ತಗಿ". ಬಿಸಿಲಿನ ಧಗೆಗೆ ಹಾಗಾಗುತ್ತದೆ ಎನ್ನುತ್ತಾರೆ. ಬಿಸಿಲೂ ಒಂದು ಕಾರಣ ಇರಬಹುದು, ಆದರೆ ಡಿಸೆಂಬರಿನ ಚಳಿಯಲ್ಲೂ ಹಿಂದೆ ಸರಿದವರನ್ನು ನಾನು ಹೆಚ್ಚು ಕಂಡಿಲ್ಲ.

ಇದು ಅಪರಿಚಿತರ ಮೇಲಿನ ಸಿಟ್ಟು, ಹರಿಹರ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. ಮನೆಯವರ ನಡುವಿನದು ಹಾಗಲ್ಲ.

ನಮ್ಮ ಬಳಗದಲ್ಲಿ ಒಂದು ಮದುವೆ. ಚಿಕ್ಕಪ್ಪನ ಮಗಳದು. ಲಗ್ನಪತ್ರಿಕೆ ಅಚ್ಚಾಗಿ ಬಂದು ಹಂಚುವುದೂ ಮುಗಿದಿತ್ತು. ಮದುವೆಗೆ ಇನ್ನೆರಡು ದಿನ ಇರುವಾಗ ದೊಡ್ಡಪ್ಪ ಬರುವುದಿಲ್ಲವಂತೆ ಎಂದು ಸುದ್ದಿ ಬಂತು. ಚಿಕ್ಕಪ್ಪನ ಜೊತೆ ಹರಿಹರಕ್ಕೆ ನಾನೂ ಹೋದೆ. ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಪಡಸಾಲೆಯಲ್ಲಿ ಕೂತಿದ್ದವರು "ಬರ್ರಿ" ಎಂದರು, ನೀರು ಕೊಡಿಸಿದರು. ಆಮೇಲೆ ಒಳಗಿನಿಂದ ಪತ್ರಿಕೆ ತಂದು ಚಿಕ್ಕಪ್ಪನ ಕೈಗಿಟ್ಟರು. ಮೇಲೆ ಶಿಲುಬೆ, ವಚನ, ವಧೂವರರ ಹೆಸರು. ಕೆಳಗೆ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಂದು ಹೆಸರಿನ ಸುತ್ತ ಕೆಂಪು ಶಾಯಿಯ ವೃತ್ತ. ಉತ್ತರಪತ್ರಿಕೆ ತಿದ್ದಿದ ಕೈ ಅದು.

"ನೋಡು, ಎಲ್ಲೈತೆ ನನ್ನ ಹೆಸರು? ಹುಡುಗಿ ಸೋದರಮಾವಂದಿರೆಲ್ಲ ಮುಗಿದ ಮ್ಯಾಲೆ ಐತೆ. ಅದೂ ಇನಿಷಿಯಲ್ ತಪ್ಪು."

"ಪ್ರೆಸ್ಸಿನೋರು ಮಾಡಿದ್ದಣ್ಣ."

"ಪ್ರೂಫ್ ನೋಡ್ದೋರು ಯಾರು? ಅವ್ರೇನಾ?"

ಚಿಕ್ಕಪ್ಪ ಸುಮ್ಮನಾದರು. ದೊಡ್ಡಪ್ಪ ನಿಲ್ಲಿಸಲಿಲ್ಲ. "ಆ ಹುಡುಗಿ ಪಿಯುಸಿ ಫೀಸು ಕಟ್ಟಿದ್ದು ಯಾರು, ಹೇಳು ನೋಡೋಣ. ನಿನಗೆ ಟೈಫಾಯ್ಡ್ ಆದಾಗ ಆಸ್ಪತ್ರೇಲಿ ಕೂತಿದ್ದೋರು ಯಾರು?"

"ನೀನೇ ಅಣ್ಣ," ಎಂದರು ಚಿಕ್ಕಪ್ಪ. "ಅದನ್ನ ಮರೆತಿದ್ರೆ ಈ ಬಿಸಿಲಾಗೆ ಇಲ್ಲಿಗೆ ಬರ್ತಿದ್ನಾ?"

ಆ ಪಡಸಾಲೆಯಲ್ಲಿ ಕೂತಾಗ ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ಆ ಸಾಮ್ಯವನ್ನು ನಾನು ಬಲವಂತವಾಗಿ ತರುತ್ತಿಲ್ಲ. ಮನೆ ಬಿಟ್ಟು ಹೋದ ತಮ್ಮ ತಿರುಗಿ ಬಂದಿದ್ದಾನೆ, ಒಳಗೆ ವಾದ್ಯ, ಕುಣಿತ, ಔತಣ. ಅಣ್ಣ ಹೊಲದಿಂದ ಬಂದವನು ಸಿಟ್ಟಾಗಿ ಒಳಗೆ ಹೋಗುವುದಿಲ್ಲ. ನಾವು ಇದನ್ನು ಕಳೆದುಹೋದ ಮಗನ ಕಥೆ ಎಂದು ಕರೆದುಕೊಂಡು ಅಣ್ಣನನ್ನು ಮರೆತುಬಿಟ್ಟಿದ್ದೇವೆ. ಯೇಸು ಈ ಕಥೆ ಹೇಳಿದ್ದು, ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗುತ್ತಿದ್ದ ಫರಿಸಾಯರಿಗೆ ಮತ್ತು ಶಾಸ್ತ್ರಿಗಳಿಗೆ. ಅಂದರೆ ಹೊರಗೆ ನಿಂತ ಅಣ್ಣನಿಗೇ. ಅಣ್ಣನ ಮಾತು ಗಮನಿಸಿ: ಇಷ್ಟು ವರ್ಷ ನಿನಗೆ ದುಡಿದಿದ್ದೇನೆ, ಒಂದು ಸಲವೂ ಮಾತು ಮೀರಲಿಲ್ಲ, ನೀನು ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ. ಎಲ್ಲವೂ ಲೆಕ್ಕ. ಲೆಕ್ಕ ಸುಳ್ಳಲ್ಲ, ಅದೇ ಕಷ್ಟ. ನಮ್ಮ ದೊಡ್ಡಪ್ಪನ ಲೆಕ್ಕವೂ ಸುಳ್ಳಾಗಿರಲಿಲ್ಲ.

ಕೆಂಪು ವೃತ್ತ ಹಾಕಿದ ಆ ಕೈಯನ್ನು ಬರೀ ಜಂಬದ ಕೈ ಎಂದು ತಳ್ಳಿಹಾಕಲು ನನಗೆ ಆಗಲಿಲ್ಲ. ತನ್ನನ್ನು ಮರೆತರೇನೋ ಎನ್ನುವ ಭಯ ಅದರ ಹಿಂದಿತ್ತು. ಅಹಂಕಾರ ಎಷ್ಟೋ ಸಲ ಪ್ರೀತಿಯ ಬಗ್ಗೆ ಅನುಮಾನ ಹುಟ್ಟಿದ ಜಾಗದಲ್ಲೇ ಬಂದು ಕೂರುತ್ತದೆ. ನನ್ನನ್ನು ಪ್ರೀತಿಸುತ್ತಾರೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ನನಗೆ ಸಲ್ಲಬೇಕಾದದ್ದಾದರೂ ಸಲ್ಲಲಿ ಎನ್ನುವ ಹಟ ಅದು. ಕಥೆಯ ತಂದೆ ಈ ಮಗನಿಗೆ ಹೇಳುವ ಮಾತು ಅದಕ್ಕೇ ಮುಖ್ಯ. ಅವನು ಲೆಕ್ಕವನ್ನು ಅಲ್ಲಗಳೆಯುವುದಿಲ್ಲ. "ಮಗನೇ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲಾ ನಿನ್ನದೇ" ಎನ್ನುತ್ತಾನೆ. ಓಡಿಹೋದ ಮಗನನ್ನು ಎದುರುಗೊಳ್ಳಲು ಹೊರಗೆ ಹೋದ ತಂದೆ ಈ ಮಗನನ್ನು ಬೇಡಿಕೊಳ್ಳಲೂ ಅದೇ ದಿನ ಹೊರಗೆ ಬರುತ್ತಾನೆ.

ದೊಡ್ಡಪ್ಪ ಮದುವೆಗೆ ಬಂದರು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂತರು, ಹುಡುಗಿಯ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಊಟಕ್ಕೆ ನಿಲ್ಲಲಿಲ್ಲ.

ಊಟ ಬಿಡುವುದು, ಮಾತು ಬಿಡುವುದು. ನಮ್ಮ ಮನೆಗಳಲ್ಲಿ ಸಿಟ್ಟು ಹೆಚ್ಚಾಗಿ ಈ ಎರಡು ರೂಪದಲ್ಲೇ ಓಡಾಡುತ್ತದೆ. ಕೂಗಾಡುವವರನ್ನು ನಾವು ಮುಂಗೋಪಿ ಎನ್ನುತ್ತೇವೆ, ಸುಮ್ಮನೆ ಮುಖ ತಿರುಗಿಸುವವರನ್ನು ಸಂಭಾವಿತರು ಎನ್ನುತ್ತೇವೆ. ಅಣ್ಣತಮ್ಮಂದಿರು, ವಾರಗಿತ್ತಿಯರು ವರ್ಷಗಟ್ಟಲೆ ಮಾತು ಬಿಟ್ಟು, ಒಂದೇ ಓಣಿಯಲ್ಲಿ ಎದುರಾದಾಗ ಮೊಬೈಲು ನೋಡುತ್ತಾ ದಾಟಿಹೋಗುವುದನ್ನು ಯಾರು ಕಂಡಿಲ್ಲ? ಐದನೇ ಶತಮಾನದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕಲಿತದ್ದನ್ನು ಬರೆದಿಟ್ಟವನು. ಅವನಿಗೆ ಇದೆಲ್ಲ ಗೊತ್ತಿತ್ತು. ಬೈಗುಳಕ್ಕಿಂತ ಹೆಚ್ಚು ಚುಚ್ಚುವ ಮೌನ ಉಂಟು ಎಂದು ಅವನು ಬರೆಯುತ್ತಾನೆ. ತಾಳ್ಮೆಯ ವೇಷ ಹಾಕಿದ ಆ ಮೌನ ಎದುರಿನವನನ್ನು ಇನ್ನಷ್ಟು ಕೆರಳಿಸುತ್ತದೆ. ಸಿಟ್ಟಿನಲ್ಲಿ ಊಟ ಬಿಡುವ ಸನ್ಯಾಸಿಗಳ ಬಗ್ಗೆಯೂ ಹೇಳುತ್ತಾನೆ. ಬೇರೆ ದಿನ ಹಸಿವು ತಾಳಲಾರದವರು ಸಿಟ್ಟು ಬಂದಾಗ ಸಲೀಸಾಗಿ ಉಪವಾಸ ಇರುತ್ತಾರಂತೆ. ದೇವರಿಗೆ ಸಲ್ಲಬೇಕಾದ ಉಪವಾಸವನ್ನು ತಮ್ಮ ಅಹಂಕಾರಕ್ಕೆ ಅರ್ಪಿಸುತ್ತಾರೆ ಎಂಬುದು ಅವನ ನೋವು.

ಅವನೇ ಹೇಳುವ ಇನ್ನೊಂದು ಅನುಭವ ನನಗೆ ಬಹಳ ಇಷ್ಟ. ನಮ್ಮ ಸಿಟ್ಟಿಗೆ ಸುತ್ತಲಿನ ಜನರೇ ಕಾರಣ, ಒಬ್ಬನೇ ಇದ್ದರೆ ಶಾಂತನಾಗಿರಬಹುದು ಎಂದುಕೊಳ್ಳುವವರಿಗೆ ಅವನು ತನ್ನ ಏಕಾಂತದ ದಿನಗಳನ್ನು ನೆನಪಿಸುತ್ತಾನೆ. ಬೈಯಲು ಒಂದು ನರಪಿಳ್ಳೆಯೂ ಇಲ್ಲದ ಮರುಭೂಮಿಯಲ್ಲಿ ಅವನಿಗೆ ಬರೆಯುವ ಲೇಖನಿಯ ಮೇಲೆ ಸಿಟ್ಟು ಬರುತ್ತಿತ್ತು, ದಪ್ಪವಾಯಿತು, ತೆಳ್ಳಗಾಯಿತು ಎಂದು. ಮೊಂಡಾದ ಚಾಕುವಿನ ಮೇಲೆ, ಬೇಗ ಕಿಡಿ ಹಾರದ ಚಕಮಕಿ ಕಲ್ಲಿನ ಮೇಲೆ ಸಿಟ್ಟು ಬರುತ್ತಿತ್ತು. ಜನರನ್ನು ಬಿಟ್ಟು ಹೋದರೂ ಸಿಟ್ಟು ಜೊತೆಗೇ ಬಂದಿತ್ತು.

ಕ್ಯಾಸಿಯನ್ನನಿಗಿಂತ ಮೊದಲು ಇವಾಗ್ರಿಯಸ್ ಎಂಬ ತಪಸ್ವಿ ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಗುರುತಿಸಿದ್ದ. ಕೋಪವೂ ಅಹಂಕಾರವೂ ಅದರಲ್ಲಿದ್ದವು. ಆರನೇ ಶತಮಾನದ ಕೊನೆಗೆ ಪೋಪ್ ಆದ ಗ್ರೆಗರಿ ಆ ಪಟ್ಟಿಯನ್ನು ಬದಲಿಸಿ, ಅಹಂಕಾರವನ್ನು ಅದರಿಂದ ಹೊರತೆಗೆದು ಉಳಿದ ಏಳಕ್ಕೂ ಬೇರು ಎಂದು ಇಟ್ಟ. ಅವನ ಪ್ರಕಾರ ಒಂದು ಇನ್ನೊಂದನ್ನು ಹೆರುತ್ತಾ ಹೋಗುತ್ತದೆ. ಅಹಂಕಾರದಿಂದ ಹೊಗಳಿಕೆಯ ಹಂಬಲ, ಅದರಿಂದ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚಿನಿಂದ ಕೋಪ. ಒಳಗೆ ಹೊಟ್ಟೆಕಿಚ್ಚಿನ ಗಾಯ ಆದಷ್ಟೂ ಮನಸ್ಸಿನ ಮೆದುತನ ಹೋಗುತ್ತದೆ. ಕಾಯಿನನ ಮುಖ ಬಾಡಿದ್ದು ಹೀಗೇ ತಾನೆ? ಬಸವಣ್ಣನವರ ವಚನ ಓದಿ ಬೆಳೆದ ನಮ್ಮೂರಿನವರಿಗೆ ಇದೆಲ್ಲ ಹೊಸದಲ್ಲ. ತನುವಿನ ಕೋಪ ತನ್ನ ಹಿರಿಯತನದ ಕೇಡು ಎಂದ ಶರಣರಿಗೂ ಕೋಪ ಮತ್ತು ಹಿರಿಮೆಯ ನಂಟು ಚೆನ್ನಾಗಿ ಗೊತ್ತಿತ್ತು.

ಎಸ್ತೇರಳ ಪುಸ್ತಕದ ಹಾಮಾನನಷ್ಟು ಸ್ಪಷ್ಟವಾಗಿ ಈ ನಂಟನ್ನು ತೋರಿಸುವವನು ಇನ್ನೊಬ್ಬನಿಲ್ಲ. ಪಾರಸಿಯ ರಾಜನ ಕೆಳಗೆ ಅವನೇ ದೊಡ್ಡವನು. ಆಸ್ತಿ ಇದೆ, ಹತ್ತು ಗಂಡುಮಕ್ಕಳಿದ್ದಾರೆ, ರಾಣಿ ಔತಣಕ್ಕೆ ರಾಜನ ಜೊತೆ ತನ್ನೊಬ್ಬನನ್ನೇ ಕರೆದಿದ್ದಾಳೆ. ಹೆಂಡತಿಯನ್ನೂ ಸ್ನೇಹಿತರನ್ನೂ ಕೂರಿಸಿಕೊಂಡು ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವನೇ ಹೇಳುತ್ತಾನೆ: ಅರಮನೆಯ ಬಾಗಿಲಲ್ಲಿ ಆ ಯೆಹೂದ್ಯ ಮೊರ್ದೆಕೈ ಕೂತಿರುವುದನ್ನು ನೋಡುವವರೆಗೂ ಇದ್ಯಾವುದರಿಂದಲೂ ನನಗೆ ಸುಖವಿಲ್ಲ. ಇಡೀ ರಾಜ್ಯ ಬಗ್ಗುತ್ತಿದೆ, ಒಬ್ಬ ಏಳುತ್ತಿಲ್ಲ. ಆ ಒಬ್ಬನಿಗಾಗಿ 50 ಮೊಳ ಎತ್ತರದ ಗಲ್ಲು ನಿಲ್ಲಿಸಿದ, ಒಂದು ಜನಾಂಗವನ್ನೇ ಅಳಿಸಲು ಹೊರಟ. ಕೊನೆಗೆ ಆ ಗಲ್ಲಿಗೆ ಏರಿದವನು ಅವನೇ.

ಹಾಮಾನ ಖಳ, ಅವನಿಂದ ನಾವು ಸುಲಭವಾಗಿ ದೂರ ನಿಲ್ಲುತ್ತೇವೆ. ನಾಮಾನನಿಂದ ಹಾಗೆ ನಿಲ್ಲಲಾಗುವುದಿಲ್ಲ, ಅವನು ಒಳ್ಳೆಯವನು. ಅರಾಮ್ಯರ ಸೇನಾಪತಿ, ಪರಾಕ್ರಮಿ, ಆದರೆ ಕುಷ್ಠರೋಗಿ. ಯುದ್ಧದಲ್ಲಿ ಸೆರೆಹಿಡಿದು ತಂದು ಮನೆಗೆಲಸಕ್ಕಿಟ್ಟುಕೊಂಡ ಇಸ್ರಾಯೇಲಿನ ಹುಡುಗಿ ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ ಎಂದು ಹೇಳುತ್ತಾಳೆ. ನಾಮಾನ ಹತ್ತು ತಲಾಂತು ಬೆಳ್ಳಿ, ಆರು ಸಾವಿರ ತೊಲೆ ಬಂಗಾರ, ಹತ್ತು ಜೊತೆ ಉಡುಪು ಹೇರಿಕೊಂಡು ಕುದುರೆ ರಥಗಳೊಡನೆ ಎಲೀಷನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಎಲೀಷ ಹೊರಗೆ ಬರುವುದೇ ಇಲ್ಲ. ಆಳನ್ನು ಕಳಿಸಿ ಹೇಳಿಸುತ್ತಾನೆ: ಯೊರ್ದನಿನಲ್ಲಿ ಏಳು ಸಲ ಸ್ನಾನ ಮಾಡು.

ನಾಮಾನ ಕಿಡಿಕಿಡಿಯಾದ. ಅವನು ತಾನಾಗಿಯೇ ಬಂದು ನನ್ನ ಮುಂದೆ ನಿಂತು, ತನ್ನ ದೇವರ ಹೆಸರು ಕರೆದು, ಕೈಯಾಡಿಸಿ ವಾಸಿಮಾಡುವನು ಅಂದುಕೊಂಡಿದ್ದೆ. ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಈ ನೀರಿಗಿಂತ ಕೀಳೇ? ರೋಗ ವಾಸಿಯಾಗುವ ದಾರಿ ಕೈಗೆ ಸಿಕ್ಕಿದೆ, ಅವನಿಗೆ ಬೇಕಾದದ್ದು ಬಾಗಿಲಿಗೆ ಬಂದು ಎದುರುಗೊಳ್ಳುವ ಮರ್ಯಾದೆ. ಸಿಟ್ಟಿನಲ್ಲಿ ರಥ ತಿರುಗಿಸಿಬಿಟ್ಟ. ಆಗ ಅವನ ಆಳುಗಳು ಹತ್ತಿರ ಹೋಗುತ್ತಾರೆ. "ತಂದೆಯೇ" ಎನ್ನುತ್ತಾರೆ. ಪ್ರವಾದಿ ಏನಾದರೂ ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ? ಸ್ನಾನ ಮಾಡು ಎಂದರೆ ಮಾಡಬಾರದೇ?

ನಾನು ಈ ಆಳುಗಳ ಬಗ್ಗೆ ತುಂಬ ಯೋಚಿಸುತ್ತೇನೆ. ಸಿಟ್ಟಿನಲ್ಲಿರುವ ದೊಡ್ಡ ಮನುಷ್ಯನ ಹತ್ತಿರ ಹೋಗುವುದಕ್ಕೆ ಗುಂಡಿಗೆ ಬೇಕು. ಅವರ ಹೆಸರು ಬರೆದಿಲ್ಲ, ಆ ಹುಡುಗಿಯ ಹೆಸರೂ ಇಲ್ಲ. ಅವನ ಅಹಂಕಾರವನ್ನು ಕುಟುಕದೆ, ಅವನಿಗೆ ನಾಚಿಕೆಯಾಗದಂತೆ, ಇಳಿಯಲು ಒಂದು ಮೆಟ್ಟಿಲು ಇಟ್ಟುಕೊಟ್ಟರು. ಅವನು ಇಳಿದ. ಚರ್ಮ ಚಿಕ್ಕ ಮಗುವಿನದರಂತೆ ಆಯಿತು. ಮನೆಯಲ್ಲೋ ಸಭೆಯಲ್ಲೋ ಯಾರಾದರೂ ಸಿಟ್ಟಾದಾಗ "ನಿನಗೆ ಅಹಂಕಾರ" ಎಂದು ಮುಖಕ್ಕೆ ಹೇಳಿ ಗೆಲ್ಲಲು ನೋಡುವುದಕ್ಕಿಂತ ಇಂಥ ಮೆಟ್ಟಿಲು ಇಡುವವರು ನಮಗೆ ಬೇಕು.

ಹಾಗಾದರೆ ಸಿಟ್ಟೆಲ್ಲ ಅಹಂಕಾರವೇ? ಇಲ್ಲ. ಇದನ್ನು ಒತ್ತಿ ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ಬಲವಿದ್ದವರ ಕೈಗೆ ಬೆತ್ತವಾಗುತ್ತದೆ. ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರು ಬರದೆ ಭತ್ತ ಒಣಗುವಾಗ ರೈತ ರಸ್ತೆಗೆ ಬಂದು ಕೂತರೆ ಅದು ಗರ್ವವಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಾಗ ದಲಿತ ಹುಡುಗನಿಗೆ ಬರುವ ಸಿಟ್ಟು ಪಾಪವಲ್ಲ. ಮನುಷ್ಯನ ಕೋಪ ದೇವರ ನೀತಿಯನ್ನು ಸಾಧಿಸುವುದಿಲ್ಲ, ಕೋಪಿಸಿಕೊಳ್ಳುವುದರಲ್ಲಿ ನಿಧಾನವಾಗಿರಿ ಎಂದು ಬರೆದ ಯಾಕೋಬನೇ, ಅದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಐಶ್ವರ್ಯವಂತರಿಗೆ ಹೇಳುತ್ತಾನೆ: ನಿಮ್ಮ ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ. ಮೊದಲಿನ ವಾಕ್ಯವನ್ನು ಮಾತ್ರ ಓದಿ ಕೂಲಿಯವನಿಗೆ ತಾಳ್ಮೆ ಬೋಧಿಸುವವರು ಯಾಕೋಬನ ಪತ್ರಿಕೆಯನ್ನು ಅರ್ಧ ಹರಿದು ಓದುತ್ತಿದ್ದಾರೆ.

ಯೇಸುವಿಗೂ ಸಿಟ್ಟು ಬಂದಿತ್ತು. ಮಾರ್ಕನು ಮೂರನೇ ಅಧ್ಯಾಯದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ, ಸಭಾಮಂದಿರದಲ್ಲಿ ಕೈ ಬತ್ತಿದ ಒಬ್ಬ ಮನುಷ್ಯ. ವಾಸಿಮಾಡಿದರೆ ತಪ್ಪು ಹೊರಿಸೋಣ ಎಂದು ಕಾದು ಕೂತವರು ಸುತ್ತಲೂ. ಜೀವ ಉಳಿಸುವುದು ಸರಿಯೋ ಕೊಲ್ಲುವುದು ಸರಿಯೋ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಯೇಸು ಅವರ ಮನಸ್ಸು ಕಲ್ಲಾದದ್ದಕ್ಕೆ ದುಃಖಪಟ್ಟು, ಸಿಟ್ಟಿನಿಂದ ಸುತ್ತಲೂ ನೋಡುತ್ತಾನೆ. ಸಿಟ್ಟು ಮತ್ತು ದುಃಖ ಒಂದೇ ವಾಕ್ಯದಲ್ಲಿ, ಒಂದೇ ನೋಟದಲ್ಲಿ ಇವೆ. ನನಗೆ ಇದೊಂದು ದೊಡ್ಡ ಗುರುತು. ಅಹಂಕಾರದ ಸಿಟ್ಟಿಗೆ ಎದುರಿನವನ ಬಗ್ಗೆ ದುಃಖವಾಗುವುದಿಲ್ಲ, ಅವನು ಬಿದ್ದರೆ ಖುಷಿಯಾಗುತ್ತದೆ. ಮತ್ತೊಂದು ವಿಷಯ: ಅಲ್ಲಿ ನೋವುಂಟಾದದ್ದು ಕೈ ಬತ್ತಿದವನಿಗೆ. ದೇವಾಲಯದಲ್ಲಿ ಹಗ್ಗದ ಕೊರಡೆ ಮಾಡಿ ವ್ಯಾಪಾರಿಗಳನ್ನು ಓಡಿಸಿದಾಗಲೂ ಸಿಟ್ಟು ತನ್ನ ಸಲುವಾಗಿ ಅಲ್ಲ. ಆ ಪ್ರಸಂಗವನ್ನು ತಮ್ಮ ಸಿಡುಕಿಗೆ ಲೈಸೆನ್ಸ್ ಮಾಡಿಕೊಂಡವರನ್ನು ಸಭೆಯ ಮೀಟಿಂಗುಗಳಲ್ಲಿ ಕಂಡಿದ್ದೇನೆ, ಬೇಸರವಾಗುತ್ತದೆ.

ತನ್ನ ಸಲುವಾಗಿ ಸಿಟ್ಟಾಗಬಹುದಾಗಿದ್ದ ರಾತ್ರಿ ಆತನು ಏನು ಮಾಡಿದ? ಮಹಾಯಾಜಕನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಕೆನ್ನೆಗೆ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಹಾಗೆಂದು ತಲೆ ತಗ್ಗಿಸಿ ನುಂಗಿಕೊಳ್ಳುವುದೂ ಇಲ್ಲ. ನಾನು ತಪ್ಪು ಮಾತಾಡಿದ್ದರೆ ತಪ್ಪೇನೆಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ? ಕೈಕಟ್ಟಿ ನಿಲ್ಲಿಸಿದ ಮನುಷ್ಯ ಹೊಡೆದವನನ್ನು ಕೇಳುತ್ತಿದ್ದಾನೆ. ಕೂಲಿ ಕೇಳುವವನಿಗೆ, ಅವಮಾನ ಉಂಡವನಿಗೆ, ಗಂಡನ ಏಟು ತಿಂದು ಪ್ರಾರ್ಥನೆ ಮಾಡಿಕೋ ಎನ್ನಿಸಿಕೊಂಡ ಹೆಂಗಸಿಗೆ ನಾನು ತೋರಿಸಲು ಇಷ್ಟಪಡುವುದು ಈ ವಾಕ್ಯವನ್ನು. ಸ್ವಾಭಿಮಾನಕ್ಕೆ ಇಲ್ಲಿ ಜಾಗವಿದೆ, ಸೇಡಿಗೆ ಇಲ್ಲ.

ಆತನಿಗೆ ಅದು ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ ಯೋಹಾನ ಹದಿಮೂರನೇ ಅಧ್ಯಾಯದಲ್ಲಿ ಉತ್ತರ ಕೊಡುತ್ತಾನೆ. ಶಿಷ್ಯರ ಕಾಲು ತೊಳೆಯುವ ಮುಂಚೆ ಒಂದು ಮಾತಿದೆ: ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೆ ಹೋಗುವವನು ಎಂದು ತಿಳಿದು ಯೇಸು ಊಟದಿಂದ ಎದ್ದು ಮೇಲುಹೊದಿಕೆ ತೆಗೆದಿಟ್ಟು ಸೊಂಟಕ್ಕೆ ಕೈವಸ್ತ್ರ ಕಟ್ಟಿಕೊಂಡ. ಆ ತಿಳಿವು ಮೊದಲು, ಬಗ್ಗುವುದು ಆಮೇಲೆ. ತಾನು ಯಾರೆಂದು ಗೊತ್ತಿದ್ದವನಿಗೆ ಕಾಲು ತೊಳೆದರೆ ಏನೂ ಕಡಿಮೆಯಾಗುವುದಿಲ್ಲ. ನಮಗೆ ಅದು ಗೊತ್ತಿಲ್ಲದ್ದರಿಂದಲೇ ಪತ್ರಿಕೆಯಲ್ಲಿ ಹೆಸರು ಹುಡುಕುತ್ತೇವೆ, ಹಾರ ಯಾರಿಗೆ ಮೊದಲು ಹಾಕಿದರು ಎಂದು ನೋಡುತ್ತೇವೆ. ದೀನನಾಗು, ದೀನನಾಗು ಎಂದು ಹಲ್ಲು ಕಚ್ಚಿ ಹೇಳಿಕೊಂಡರೆ ದೀನತೆ ಬರುವುದಿಲ್ಲ. ನನ್ನದೆಲ್ಲಾ ನಿನ್ನದೇ ಎಂದ ತಂದೆಯ ಮಾತು ಎಷ್ಟು ಒಳಗಿಳಿಯುತ್ತದೋ ಅಷ್ಟು ಹಿಡಿತ ಸಡಿಲವಾಗುತ್ತದೆ. ಪ್ರಾರ್ಥನೆಗೆ ಇದಕ್ಕಿಂತ ದೊಡ್ಡ ಕೆಲಸ ಇದೆಯೆಂದು ನನಗೆ ಅನಿಸುವುದಿಲ್ಲ.

ಮನುಷ್ಯ ಬದಲಾಗುತ್ತಾನೆ ಎನ್ನುವುದಕ್ಕೆ ಅದೇ ಯೋಹಾನನಿದ್ದಾನೆ. ಅವನಿಗೂ ಅವನ ಅಣ್ಣ ಯಾಕೋಬನಿಗೂ ಯೇಸು ಗುಡುಗಿನ ಮರಿಗಳು ಎಂದು ಹೆಸರಿಟ್ಟಿದ್ದ. ಸಮಾರ್ಯದ ಒಂದು ಹಳ್ಳಿಯವರು ಇಳಿದುಕೊಳ್ಳಲು ಜಾಗ ಕೊಡದೆ ಹೋದಾಗ, ಆಕಾಶದಿಂದ ಬೆಂಕಿ ಬಿದ್ದು ಇವರನ್ನು ಸುಡಲಿ ಎಂದು ಹೇಳೋಣವೇ ಎಂದು ಕೇಳಿದವರು ಇಬ್ಬರೂ. ಯೇಸು ತಿರುಗಿ ಅವರನ್ನು ಗದರಿಸಿದ. ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯದಲ್ಲಿ ಸಮಾರ್ಯದವರು ದೇವರ ವಾಕ್ಯವನ್ನು ಸ್ವೀಕರಿಸಿದರೆಂಬ ಸುದ್ದಿ ಯೆರೂಸಲೇಮಿಗೆ ಮುಟ್ಟಿದಾಗ ಅಲ್ಲಿಗೆ ಹೋದದ್ದು ಪೇತ್ರ ಮತ್ತು ಯೋಹಾನ. ಬೆಂಕಿ ಕೇಳಿದ್ದ ಯೋಹಾನ ಸಮಾರ್ಯದವರ ತಲೆಯ ಮೇಲೆ ಕೈಯಿಟ್ಟ, ಅವರಿಗೆ ಪವಿತ್ರಾತ್ಮ ಬರಲಿ ಎಂದು ಪ್ರಾರ್ಥಿಸಿದ.

ನಾನು ಹೋಗುವುದು ಸಿಎಸ್‌ಐ ಚರ್ಚಿಗೆ. ಬೇರೆ ಬೇರೆ ಮಿಷನ್ನುಗಳ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಯಿತು. ತರಂಗಂಬಾಡಿಯಲ್ಲಿ ಆ ಮಾತು ಶುರುವಾದದ್ದು 1919ರಲ್ಲಿ. ಒಂದಾಗಲು ಅಷ್ಟು ವರ್ಷ ಹಿಡಿಯಿತು, ಯಾರ ಸೇವಕರ ದೀಕ್ಷೆ ಸರಿಯಾದದ್ದು ಎನ್ನುವ ಚರ್ಚೆ ಬಗೆಹರಿಯಲು. ಹಾಗೆ ಒಂದಾದ ಸಭೆ 1950ರಲ್ಲಿ ತನ್ನ ಆರಾಧನಾ ಕ್ರಮ ಬರೆದುಕೊಂಡಾಗ ಹಳೆಯ ಒಂದು ಪದ್ಧತಿಯನ್ನು ಮತ್ತೆ ತಂದಿತು. ಪ್ರಭುಭೋಜನಕ್ಕೆ ಮುಂಚೆ ಅಯ್ಯನವರಿಂದ ಶುರುವಾಗಿ ಸಾಲು ಸಾಲಾಗಿ ಸಮಾಧಾನ ದಾಟಿಸುವುದು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ ಕೂಡುತ್ತದೆ, ಅದರ ಮೇಲೆ ಇಬ್ಬರ ಎಡಗೈ ಮುಚ್ಚುತ್ತದೆ. ಬರೀ ಶಾಸ್ತ್ರ ಎನಿಸಬಹುದು. ಮಾತು ಬಿಟ್ಟವರು ಪಕ್ಕದಲ್ಲಿ ನಿಂತಾಗ ಅದು ಶಾಸ್ತ್ರವಾಗಿ ಉಳಿಯುವುದಿಲ್ಲ. ಸೈಟಿನ ಜಗಳದಲ್ಲಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ಒಬ್ಬರು ಎಡಗಡೆಯ ಬೆಂಚಿನಲ್ಲಿ, ಒಬ್ಬರು ಬಲಗಡೆಯಲ್ಲಿ ಕೂರುವುದನ್ನು ನಾನು ನೋಡಿದ್ದೇನೆ. ಕೈ ಕೈಗೆ ತಾಗದಂತೆ ಆರಿಸಿಕೊಂಡ ಜಾಗ ಅದು.

ಈ ಪದ್ಧತಿಯ ಹಿಂದೆ ಮತ್ತಾಯನ ಐದನೇ ಅಧ್ಯಾಯದ ಮಾತಿದೆ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು. ಸಿಟ್ಟು ಯಾರಿಗೆ ಬಂದಿದೆ ನೋಡಿ. ಅವನಿಗೆ. ಏಳಬೇಕಾದವನು ನಾನು. ಹದಿನೆಂಟನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ: ನಿನ್ನ ಸಹೋದರನು ನಿನಗೆ ತಪ್ಪು ಮಾಡಿದರೆ ಹೋಗಿ, ನೀನೂ ಅವನೂ ಇಬ್ಬರೇ ಇರುವಾಗ ಮಾತಾಡು. ಇಲ್ಲಿ ನೋವು ತಿಂದವನು ನಾನು, ಏಳಬೇಕಾದವನೂ ನಾನೇ. ಅವನೇ ಮೊದಲು ಬರಲಿ ಎಂದು ಕಾಯುವುದಕ್ಕೆ ಯೇಸು ಎರಡೂ ಕಡೆಯಿಂದ ಜಾಗ ಉಳಿಸಿಲ್ಲ. ನಮ್ಮ ಅಹಂಕಾರಕ್ಕೆ ಇದಕ್ಕಿಂತ ಕಷ್ಟದ ಮಾತಿಲ್ಲ ಎಂದು ನನಗನ್ನಿಸುತ್ತದೆ.

ಅಂದು ಕಾಣಿಕೆಯ ಆ ಮಾತು ಕೇಳಿದ ಗಲಿಲಾಯದವರಿಗೆ ಅದು ಇನ್ನೂ ಕಷ್ಟದ್ದಾಗಿತ್ತು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಗಲಿಲಾಯದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮೇಲೆ, ಹೆಚ್ಚುಕಡಿಮೆ ದಾವಣಗೆರೆಯಿಂದ ಹಿರಿಯೂರಿನಷ್ಟು ದೂರ, ದಿನಗಟ್ಟಲೆ ಕಾಲ್ನಡಿಗೆ. ಅಷ್ಟು ನಡೆದು ಬಂದವನು ಕಾಣಿಕೆ ಬಿಟ್ಟು ಊರಿಗೆ ವಾಪಸು ನಡೆದು, ಸಹೋದರನನ್ನು ಕಂಡು, ಮತ್ತೆ ಅಷ್ಟೇ ದೂರ ನಡೆದು ಬರಬೇಕು. ನಮ್ಮಲ್ಲಿ ಹೆಚ್ಚಿನವರು ಹೋಗಬೇಕಾದ ಮನೆ ಇದೇ ಊರಿನಲ್ಲಿದೆ. ವಿನೋಬನಗರದಿಂದ ನಿಟುವಳ್ಳಿಗೆ ಆಟೋ ಸಿಗುತ್ತದೆ, ಹರಿಹರಕ್ಕೆ ಬಸ್ಸಿದೆ.